ಭಯಕ್ಕಿಂತ ಭರವಸೆಯೇ ಕಷ್ಟ: ಪಾರ್ಕಿನ್ಸನ್ ಔಷಧ ಪ್ರಯೋಗದ ಸುತ್ತ ಕೆಲವು ತಪ್ಪು ಕಲ್ಪನೆಗಳು

ಹೊಸದುರ್ಗದ ಕಡೆಯಿಂದ ಬೆಂಗಳೂರಿಗೆ ಬರುವ ಪಾರ್ಕಿನ್ಸನ್ ರೋಗಿಗಳು ಹೆಚ್ಚುಕಮ್ಮಿ ಒಂದೇ ದಾರಿ ಸವೆಸಿ ಬಂದಿರುತ್ತಾರೆ. ಮೊದಲು ಊರಿನ ಡಾಕ್ಟರು, ‘ನರದ ವೀಕ್‌ನೆಸ್’ ಅನ್ನುವ ಹೆಸರು, ಒಂದಷ್ಟು ಶಕ್ತಿ ಇಂಜೆಕ್ಷನ್. ಆಮೇಲೆ ಚಿತ್ರದುರ್ಗ, ಇಲ್ಲವೇ ದಾವಣಗೆರೆ. ಅಂಗಿ ಗುಂಡಿ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕಾಗುವ ಹೊತ್ತಿಗೆ ರಾಜಧಾನಿಯ ನರರೋಗ ತಜ್ಞರ ಮುಂದೆ ಕೂತಿರುತ್ತಾರೆ. ಅಲ್ಲಿ ಯಾರೋ ‘ಟ್ರಯಲ್’ ಎಂಬ ಮಾತೆತ್ತುತ್ತಾರೆ. ಮಗನಿಗೆ ಜೀವ ಬಂದಂತಾಗುತ್ತದೆ, ಸೊಸೆ ‘ಬ್ಯಾಡ ಸುಮ್ನಿರ್ರಿ’ ಎನ್ನುತ್ತಾಳೆ.

ಔಷಧ ಪ್ರಯೋಗಗಳಲ್ಲಿ ವೈದ್ಯರಾಗಿ ಕೆಲಸ ಮಾಡುವವರಿಗೆ ಈ ಎರಡೂ ದನಿ ದಿನನಿತ್ಯದ್ದು. ಸೊಸೆಯ ಭಯಕ್ಕೆ ಉತ್ತರ ಹೇಳುವುದು ಸುಲಭ, ಅದಕ್ಕೆ ಕಾಯ್ದೆ ಕಾನೂನು ಇವೆ. ಮಗನ ಭರವಸೆಯನ್ನು ನಿಭಾಯಿಸುವುದೇ ಕಷ್ಟ. ಈ ಕಾಯಿಲೆಯಲ್ಲಂತೂ ಅದು ಬೇರೆ ಕಾಯಿಲೆಗಳಿಗಿಂತ ಹೆಚ್ಚು ಕಷ್ಟ, ಯಾಕೆಂದು ಮುಂದೆ ಹೇಳುತ್ತೇನೆ.

ತಪ್ಪು ಕಲ್ಪನೆ: “ಬಡವರನ್ನ ಹಿಡ್ಕಂಡು ಇಲಿಗಳ ಮ್ಯಾಲೆ ಮಾಡ್ದಂಗೆ ಪ್ರಯೋಗ ಮಾಡ್ತಾರೆ.”

ವಾಸ್ತವ: ಈ ಮಾತನ್ನು ನಕ್ಕು ತಳ್ಳಿಹಾಕುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು. ಈ ಭಯಕ್ಕೆ ಕಾರಣಗಳಿದ್ದವು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹಾಸ್ಟೆಲಿನ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದಾಗ ತಂದೆತಾಯಿಯ ಒಪ್ಪಿಗೆ ಪಡೆದ ರೀತಿ ದೇಶದಾದ್ಯಂತ ಚರ್ಚೆಯಾಯಿತು. ಮರುವರ್ಷ ಆ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮೊಕದ್ದಮೆಯ ಒತ್ತಡದಿಂದಲೇ ಇಂದಿನ ಬಹುಪಾಲು ಕಟ್ಟುಪಾಡುಗಳು ಬಂದವು.

ಈಗ ನಡೆಯುವುದು 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ’ಗಳ ಪ್ರಕಾರ. ಪ್ರಯೋಗಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕು. ಅದರ ಜತೆಗೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಕಮಿಟಿಯಲ್ಲಿ ಕನಿಷ್ಠ 7 ಜನ, ಅರ್ಧದಷ್ಟಾದರೂ ಆಸ್ಪತ್ರೆಗೆ ಸಂಬಂಧ ಇಲ್ಲದವರು, ಒಬ್ಬ ಕಾನೂನು ಬಲ್ಲವರು, ವೈದ್ಯಕೀಯ ಗೊತ್ತಿಲ್ಲದ ಒಬ್ಬ ಸಾಮಾನ್ಯ ಪ್ರಜೆ. ಆ ಸಾಮಾನ್ಯ ಪ್ರಜೆ ಕೇಳುವ ಪ್ರಶ್ನೆಗೇ ನಾವು ತಡವರಿಸುವುದು ಹೆಚ್ಚು. ಓದುಬರಹ ಬಾರದ ರೋಗಿಯಾದರೆ ಒಪ್ಪಿಗೆ ಪತ್ರ ಓದಿ ಹೇಳುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಹೊಸ ರಾಸಾಯನಿಕದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವುದಾದರೆ ಆ ಮಾತುಕತೆಯ ವಿಡಿಯೊ ಕೂಡ ಆಗಬೇಕು.

ಪ್ರಯೋಗದ ಅವಧಿಯಲ್ಲಿ ಗಂಭೀರವಾದದ್ದು ಏನೇ ಆದರೂ 24 ಗಂಟೆಯೊಳಗೆ ವೈದ್ಯರು ವರದಿ ಕಳಿಸಬೇಕು. ‘ಏನೇ’ ಅಂದರೆ ನಿಜಕ್ಕೂ ಏನೇ. ಶ್ರೀರಾಂಪುರದ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರೂ ಅದು ವರದಿಯೇ. ಪ್ರಯೋಗದಿಂದ ಸಾವು ಸಂಭವಿಸಿದೆ ಎಂದಾದರೆ ಪರಿಹಾರ ಲೆಕ್ಕ ಹಾಕಲು ಸೂತ್ರ ಇದೆ. ಅದರ ಮೂಲಮೊತ್ತ 8 ಲಕ್ಷ ರೂಪಾಯಿ, ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಕಾಗದದ ಮೇಲಿನ ಕಾನೂನು ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಕೇಳುವ ಹಕ್ಕು ಇದೆ ಎಂದಷ್ಟೇ ಹೇಳುತ್ತೇನೆ.

ತಪ್ಪು ಕಲ್ಪನೆ: “ಒಂದ್ಸಲ ಸೈನ್ ಹಾಕಿದ್ರೆ ಬಿಡಂಗಿಲ್ಲ.”

ವಾಸ್ತವ: ಯಾವ ದಿನ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಆದರೆ ಹೇಳದೆ ಬಿಡಬೇಡಿ. ಕೆಲವು ಔಷಧಗಳನ್ನು ದಿಢೀರನೆ ನಿಲ್ಲಿಸಬಾರದು.

ತಪ್ಪು ಕಲ್ಪನೆ: “ಕೈ ನಡುಗ್ತಿದ್ರೆ ಪಾರ್ಕಿನ್ಸನ್ನೇ. ಟ್ರಯಲ್‌ಗೆ ಸೇರಿಸ್ಕಂತಾರೆ.”

ವಾಸ್ತವ: ನಮ್ಮ ಕೆಲಸದ ಅರ್ಧ ಭಾಗ ರೋಗಿಗಳನ್ನು ಸೇರಿಸಿಕೊಳ್ಳದೇ ಇರುವುದು. ಪಾರ್ಕಿನ್ಸನ್ ಇರುವ ಎಲ್ಲರಿಗೂ ನಡುಕ ಇರುವುದಿಲ್ಲ. ನಡುಕ ಇರುವ ಎಲ್ಲರಿಗೂ ಪಾರ್ಕಿನ್ಸನ್ ಇರುವುದಿಲ್ಲ. ಕಾಯಿಲೆಯ ತಿರುಳು ಇರುವುದು ನಿಧಾನದಲ್ಲಿ: ಹೆಬ್ಬೆರಳು, ತೋರುಬೆರಳು ಬಡಿಯಲು ಹೇಳಿದರೆ ನಾಲ್ಕಾರು ಸಲ ಆಗುವಷ್ಟರಲ್ಲಿ ಬಡಿತ ಚಿಕ್ಕದಾಗುತ್ತ ಹೋಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ.

ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: “ಗ್ಯಾಸ್ಟ್ರಿಕ್‌ಗೆ ಯಾವ ಮಾತ್ರೆ ತಗೊಳ್ತೀರಿ?” ಹೊಟ್ಟೆ ಉಬ್ಬರಕ್ಕೆ ಕೊಡುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಆಸಿಡ್ ತಗ್ಗಿಸುವ ಔಷಧದ ಜತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಪಾರ್ಕಿನ್ಸನ್‌ನಲ್ಲಿ ಕೊರತೆಯಾಗುವ ಡೋಪಮಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕೆಲಸ ಮಾಡುವ ಜಾಗವನ್ನೇ ಅದು ಮುಚ್ಚುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಇದೇ ಸಾಲಿನವು. ನಾಲ್ಕು ದಿನಕ್ಕೆಂದು ಬರೆದ ಚೀಟಿಯನ್ನು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ವರ್ಷಗಟ್ಟಲೆ ನುಂಗಿದವರಿಗೆ ಥೇಟ್ ಪಾರ್ಕಿನ್ಸನ್ ಹಾಗೇ ಕಾಣುವ ತೊಂದರೆ ಬರಬಹುದು. ಮಾತ್ರೆ ನಿಲ್ಲಿಸಿದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹುಮಂದಿ ಸುಧಾರಿಸುತ್ತಾರೆ. ಇಂಥವರನ್ನು ಪ್ರಯೋಗಕ್ಕೆ ಸೇರಿಸಿಕೊಂಡರೆ ಎರಡು ಅನ್ಯಾಯ: ಅವರಿಗೆ ಬೇಡದ ಔಷಧ, ಔಷಧಕ್ಕೆ ಸಲ್ಲದ ಕೀರ್ತಿ. ಅನುಮಾನ ಉಳಿದರೆ ಟ್ರೋಡ್ಯಾಟ್ ಎಂಬ ಸ್ಕ್ಯಾನ್ ಇದೆ. ಔಷಧದಿಂದ ಬಂದ ತೊಂದರೆಯಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. (ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ಇದನ್ನೋದಿ ನೀವೇ ನಿಲ್ಲಿಸಬೇಡಿ.)

ತಪ್ಪು ಕಲ್ಪನೆ: “ಅರ್ಧ ಜನಕ್ಕೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಮೋಸ ಮಾಡ್ತಾರೆ.”

ವಾಸ್ತವ: ಮೋಸ ಎಂದರೆ ಹೇಳದೆ ಮಾಡುವುದು. ನಿಮಗೆ ಔಷಧವಿಲ್ಲದ ಹುಸಿ ಮಾತ್ರೆ ಬರಬಹುದು ಎಂಬುದು ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ. ಜತೆಗೆ, ಈಗಾಗಲೇ ಚಿಕಿತ್ಸೆಯಲ್ಲಿರುವವರ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಸಿಂಡೋಪಾದಂಥ ಲೆವೊಡೋಪಾ ಮಾತ್ರೆಯನ್ನು ಕಿತ್ತುಕೊಳ್ಳುವುದಿಲ್ಲ, ಅದರ ಮೇಲೆ ಹೊಸ ಔಷಧವನ್ನೋ ಹುಸಿ ಮಾತ್ರೆಯನ್ನೋ ಸೇರಿಸುತ್ತಾರೆ. ಸಿಗಬೇಕಾದ ಚಿಕಿತ್ಸೆ ತಪ್ಪಿಸಿ ಹುಸಿ ಮಾತ್ರೆ ಕೊಟ್ಟು ತೊಂದರೆಯಾದರೆ ಅದಕ್ಕೂ ಪರಿಹಾರ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ.

ಹುಸಿ ಮಾತ್ರೆ ಯಾಕೆ ಬೇಕೇ ಬೇಕು? ಕಾರಣ ಈ ಕಾಯಿಲೆಯ ಒಳಗೇ ಇದೆ. ಪಾರ್ಕಿನ್ಸನ್ ಎಂದರೆ ಡೋಪಮಿನ್ ಕೊರತೆ. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯೂ ಮೆದುಳಿನಲ್ಲಿ ಡೋಪಮಿನ್ ಸುರಿಸುತ್ತದೆ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಸ್ಕ್ಯಾನ್ ಮಾಡಿ ತೋರಿಸಿದರು: ಔಷಧವಿಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲೂ ಡೋಪಮಿನ್ ಬಿಡುಗಡೆಯಾಗಿತ್ತು. ಅಂದರೆ “ಹೊಸ ಮಾತ್ರೆ ತಗಂಡ್ಮೇಲೆ ಹಗುರ ಆಗೈತೆ” ಎನ್ನುವ ರೋಗಿ ಸುಳ್ಳು ಹೇಳುತ್ತಿಲ್ಲ. ಹಗುರವಾಗಿರುವುದು ನಿಜ. ಆಗಿದ್ದು ಮಾತ್ರೆಯಿಂದಲೋ, ನಿರೀಕ್ಷೆಯಿಂದಲೋ ಎಂಬುದಷ್ಟೇ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ನನಗೆ ಬಹಳ ಇಷ್ಟ. 12 ರೋಗಿಗಳು, ಇಬ್ಬಗೆಯ ಇಂಜೆಕ್ಷನ್. ಒಂದರ ಬೆಲೆ 100 ಡಾಲರ್, ಇನ್ನೊಂದರದು 1500 ಡಾಲರ್ ಎಂದು ಹೇಳಲಾಗಿತ್ತು. ಎರಡೂ ಬರೀ ಉಪ್ಪುನೀರು. ‘ದುಬಾರಿ’ ಉಪ್ಪುನೀರು ಪಡೆದಾಗ ಕೈಕಾಲಿನ ಚಲನೆ ಹೆಚ್ಚು ಸುಧಾರಿಸಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಗಾಜಿನ ಕಟ್ಟಡ, ಎಸಿ ಕೋಣೆ, ಇಂಗ್ಲಿಷ್ ಹೆಸರಿನ ಔಷಧ ಇವೆಲ್ಲ ಹೊಸದುರ್ಗದಿಂದ ಬಂದವರ ಮೆದುಳಿನಲ್ಲಿ ಎಷ್ಟು ಡೋಪಮಿನ್ ಸುರಿಸಬಹುದು, ಯೋಚಿಸಿ.

ಆದ್ದರಿಂದಲೇ ಯಾರಿಗೆ ಯಾವ ಮಾತ್ರೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಅಂಕ ಹಾಕುವ ವೈದ್ಯರಿಗೂ ಗೊತ್ತಿರುವುದಿಲ್ಲ. ಅಂಕ ಎಂದರೆ ನಿಜವಾಗಿ ಅಂಕವೇ: ಚಲನೆಯ ಪರೀಕ್ಷೆಯಲ್ಲಿ 18 ಬಗೆಯ ಕೆಲಸ, 33 ಅಂಕಗಳು, ಒಂದೊಂದು ಸೊನ್ನೆಯಿಂದ 4ರವರೆಗೆ, ಒಟ್ಟು 132. ಬೆರಳು ಬಡಿತಕ್ಕೆ 2 ಕೊಡಬೇಕೋ 3 ಕೊಡಬೇಕೋ ಎಂಬಲ್ಲಿ ವೈದ್ಯರ ಆಸೆಯೂ ನುಸುಳುತ್ತದೆ. ಪ್ರಯೋಗ ಗೆಲ್ಲಲಿ ಎಂದು ನಮಗೂ ಇರುತ್ತದಲ್ಲ. ಕಣ್ಣು ಕಟ್ಟಬೇಕಾದದ್ದು ರೋಗಿಗಿಂತ ಮೊದಲು ವೈದ್ಯರಿಗೆ.

ಇದೇ ಪರೀಕ್ಷೆಗೆ ಸಂಬಂಧಿಸಿದ ಒಂದು ಕಷ್ಟ ವಿದೇಶದಲ್ಲಿ ನಿಯಮ ಬರೆಯುವವರಿಗೆ ಹೊಳೆಯುವುದೇ ಇಲ್ಲ. ಕೆಲವು ಭೇಟಿಗಳಿಗೆ ರೋಗಿ ‘ಆಫ್’ ಸ್ಥಿತಿಯಲ್ಲಿ ಬರಬೇಕು, ಅಂದರೆ ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಪಾರ್ಕಿನ್ಸನ್ ಮಾತ್ರೆ ತೆಗೆದುಕೊಂಡಿರಬಾರದು. ಜಯನಗರದವರು ಆಟೊ ಹತ್ತಿ ಬರುತ್ತಾರೆ. ಹೊಸದುರ್ಗದಿಂದ ಸುಮಾರು 200 ಕಿಲೋಮೀಟರ್. ಮಾತ್ರೆಯಿಲ್ಲದೆ ಮರದ ಹಾಗೆ ಬಿಗಿದ ಮೈ ಹೊತ್ತು ನಸುಕಿನ ಬಸ್ ಹತ್ತಿಸುವುದು ಹೇಗೆ? ಹಿಂದಿನ ದಿನವೇ ಕರೆಸಿ ಉಳಿಸಿಕೊಳ್ಳಬೇಕು, ಜತೆಗೆ ಬಂದವರಿಗೂ ಊಟ, ವಸತಿ, ಬಸ್ ಖರ್ಚು ಕೊಡಬೇಕು. ಪ್ರಯೋಗದ ಬಜೆಟ್ಟಿನಲ್ಲಿ ಇದನ್ನು ಮೊದಲೇ ಬರೆಸದ ವೈದ್ಯರಿಗೆ ಸಿಗುವುದು ಬರೀ ಬೆಂಗಳೂರಿನ ರೋಗಿಗಳು.

ತಪ್ಪು ಕಲ್ಪನೆ: “ಹೊಸ ಔಷಧ ಅಂದ್ರೆ ಈಗಿರೋದಕ್ಕಿಂತ ಒಳ್ಳೇದೇ ಇರುತ್ತೆ.”

ವಾಸ್ತವ: ಹಾಗಿದ್ದರೆ ಪ್ರಯೋಗವೇ ಬೇಡವಾಗಿತ್ತು. ಪಾರ್ಕಿನ್ಸನ್ ಹದಗೆಡುವ ವೇಗವನ್ನು ತಗ್ಗಿಸುವ ಔಷಧ ಇದುವರೆಗೆ ಒಂದೂ ಸಾಬೀತಾಗಿಲ್ಲ. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ 2017ರಲ್ಲಿ ಲಂಡನ್ನಿನಲ್ಲಿ 62 ರೋಗಿಗಳ ಮೇಲೆ ಆಸೆ ಹುಟ್ಟಿಸಿತು. 194 ಜನರ ಮೇಲೆ 96 ವಾರ ನಡೆದ ಮುಂದಿನ ಹಂತದ ಫಲಿತಾಂಶ 2025ರಲ್ಲಿ ಬಂದಾಗ ಹುಸಿ ಔಷಧಕ್ಕಿಂತ ಮೇಲೆ ನಿಲ್ಲಲಿಲ್ಲ. ಕ್ರಿಯಾಟಿನ್ ಅನ್ನು 1741 ಜನರ ಮೇಲೆ ಪರೀಕ್ಷಿಸಿ 2013ರಲ್ಲಿ ಕೈಬಿಟ್ಟರು. ಕೋಎಂಜೈಮ್ ಕ್ಯೂ10 ಅನ್ನು 600 ಜನರ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ ಎಂದು 2014ರಲ್ಲಿ ಪ್ರಕಟಿಸಿದರು. ಆ ಕ್ಯೂ10 ಇವತ್ತಿಗೂ ನಮ್ಮ ರೋಗಿಗಳ ಚೀಟಿಯಲ್ಲಿ ಇರುತ್ತದೆ, ಲೆವೊಡೋಪಾಗಿಂತ ದುಬಾರಿಯಾಗಿ.

ತಪ್ಪು ಕಲ್ಪನೆ: “ನಸುಗುನ್ನಿ ಕಾಯಿ ಇದ್ದಾಗ ಇಂಗ್ಲಿಷ್ ಮಾತ್ರೆ ಯಾಕೆ?”

ವಾಸ್ತವ: ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯ. ಬೇಲಿಯಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಕೆಯಿಂದ ಕುಣಿಸುವ ಆ ನಸುಗುನ್ನಿಯ ಬೀಜದಲ್ಲಿ ಇರುವುದು ಲೆವೊಡೋಪಾವೇ. ಅದನ್ನು ಬೀಜದಿಂದ ಬೇರ್ಪಡಿಸಿ 1937ರಲ್ಲೇ ಪ್ರಕಟಿಸಿದವರು ದಾಮೋದರನ್ ಮತ್ತು ರಾಮಸ್ವಾಮಿ. ಪಾರ್ಕಿನ್ಸನ್‌ಗೆ ಲೆವೊಡೋಪಾ ಔಷಧವೆಂದು ತಿಳಿಯಲು ಇನ್ನೂ ಎರಡು ದಶಕಕ್ಕೂ ಹೆಚ್ಚು ಬೇಕಿತ್ತು. ನಮ್ಮ ನಾಡಿನ ಇನ್ನೊಂದು ಗಿಡಕ್ಕೂ ಈ ಕತೆಯಲ್ಲಿ ಪಾತ್ರವಿದೆ: ಸರ್ಪಗಂಧಿಯಿಂದ ತೆಗೆದ ರಿಸರ್ಪಿನ್ ಕೊಟ್ಟು ಮೊಲಗಳನ್ನು ಮರಗಟ್ಟಿಸಿ, ಡೋಪಾ ಕೊಟ್ಟು ಮತ್ತೆ ಓಡಾಡುವಂತೆ ಮಾಡಿದ್ದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, 1957ರಲ್ಲಿ. ಅವರಿಗೆ 2000ದಲ್ಲಿ ನೊಬೆಲ್ ಬಂತು.

ನಸುಗುನ್ನಿಯೂ ಪರೀಕ್ಷೆಗೆ ಒಳಗಾಗಿದೆ. ಅದರ ಬೀಜದಿಂದ ಮಾಡಿದ ಎಚ್‌ಪಿ-200 ಎಂಬ ಪುಡಿಯನ್ನು 60 ರೋಗಿಗಳ ಮೇಲೆ 12 ವಾರ ಪರೀಕ್ಷಿಸಿದ ವರದಿ 1995ರಲ್ಲಿ ಬಂತು. ಬೊಲಿವಿಯಾದಲ್ಲಿ 18 ರೋಗಿಗಳ ಮೇಲೆ ಕಣ್ಣುಕಟ್ಟಿ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಪುಡಿ ಕೆಲಸ ಮಾಡಿತು. ಹಾಗಿದ್ದರೆ ತೊಂದರೆ ಏನು? ಮಾತ್ರೆಯಲ್ಲಿ ಕಾರ್ಬಿಡೋಪಾ ಜತೆಗಿರುತ್ತದೆ, ವಾಕರಿಕೆ ತಡೆಯುತ್ತದೆ, ಪುಡಿಯಲ್ಲಿ ಅದಿಲ್ಲ. ಬೀಜದಿಂದ ಬೀಜಕ್ಕೆ ಲೆವೊಡೋಪಾ ಪ್ರಮಾಣ ಬೇರೆ. ಸಿಂಡೋಪಾ ನುಂಗುತ್ತ, ಡಾಕ್ಟರಿಗೆ ಹೇಳದೆ ಈ ಪುಡಿಯನ್ನೂ ಹಾಲಿಗೆ ಬೆರೆಸಿ ಕುಡಿದರೆ ಮೈ ತಾನಾಗಿ ಹೊಯ್ದಾಡಲು ಶುರುವಾಗುತ್ತದೆ, ಎದ್ದರೆ ಬಿಪಿ ಇಳಿಯುತ್ತದೆ. ಪ್ರಯೋಗದಲ್ಲಿದ್ದವರು ಹೀಗೆ ಮಾಡಿದರೆ ಅವರ ಅಂಕಗಳಿಗೆ ಅರ್ಥವೇ ಉಳಿಯುವುದಿಲ್ಲ. ಬಯ್ಯುವ ಡಾಕ್ಟರ ಮುಂದೆ ಇದನ್ನು ಯಾರೂ ಬಾಯಿಬಿಡುವುದಿಲ್ಲ. ಕೇಳುವ ದನಿಯಲ್ಲಿ ಕೇಳಿದರೆ ಸೊಸೆ ಹೇಳುತ್ತಾಳೆ.

ತಪ್ಪು ಕಲ್ಪನೆ: “ಮಾತ್ರೆ ಬೇಗ ಶುರು ಮಾಡಿದ್ರೆ ಬೇಗ ಕೆಲ್ಸ ಮಾಡೋದು ನಿಲ್ಸುತ್ತೆ. ಟ್ರಯಲ್ ಸಿಗೋತನ್ಕ ತಡಕಳಣ.”

ವಾಸ್ತವ: ನೆದರ್ಲೆಂಡ್ಸಿನ ಪ್ರಯೋಗದಲ್ಲಿ 445 ಜನರಲ್ಲಿ ಅರ್ಧ ಮಂದಿಗೆ ಲೆವೊಡೋಪಾವನ್ನು ಮೊದಲೇ, ಉಳಿದರ್ಧಕ್ಕೆ 40 ವಾರ ತಡವಾಗಿ ಕೊಟ್ಟರು. 80 ವಾರದ ಕೊನೆಗೆ ಎರಡೂ ಗುಂಪಿನ ಸ್ಥಿತಿ ಒಂದೇ. ವರದಿ 2019ರದ್ದು. ಆಫ್ರಿಕಾದ ಘಾನಾದಲ್ಲಿ ರೋಗಿಗಳಿಗೆ ಮಾತ್ರೆ ತಡವಾಗಿ ಸಿಗುತ್ತದೆ. ಅವರನ್ನು ಇಟಲಿಯವರ ಜತೆ ಹೋಲಿಸಿದ 2014ರ ಅಧ್ಯಯನದಲ್ಲಿ ಮಾತ್ರೆಯ ಪರಿಣಾಮ ಏರುಪೇರಾಗುವ ತೊಂದರೆ ಬರುವುದು ಮಾತ್ರೆ ಎಷ್ಟು ವರ್ಷ ನುಂಗಿದರು ಎಂಬುದಕ್ಕಲ್ಲ, ಕಾಯಿಲೆಗೆ ಎಷ್ಟು ವರ್ಷವಾಯಿತು ಎಂಬುದಕ್ಕೆ ತಕ್ಕಂತೆ ಎಂದು ಕಂಡಿತು. ಕಾದು ಉಳಿಸುವುದು ಏನೂ ಇಲ್ಲ. ಊಟದ ಹೊತ್ತನ್ನು ಮಾತ್ರ ನೋಡಿಕೊಳ್ಳಿ: ಮುದ್ದೆಯ ಜತೆಗಿನ ಅವರೆಕಾಳು, ಹುರುಳಿಯ ಪ್ರೋಟೀನ್ ಲೆವೊಡೋಪಾ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಎಷ್ಟೋ ಮಂದಿಗೆ ಅದೇ ಮಾತ್ರೆ ಚೆನ್ನಾಗಿ ಹತ್ತುತ್ತದೆ.

ತಪ್ಪು ಕಲ್ಪನೆ: “ಇದು ಫಾರಿನ್ನರ, ಸಿಟಿಯವರ ಕಾಯಿಲೆ. ಪ್ರಯೋಗ ಅಲ್ಲೇ ಮಾಡ್ಲಿ, ಔಷಧ ಬಂದ್ಮೇಲೆ ನಾವು ತಗಳಣ.”

ವಾಸ್ತವ: ನಿಮ್ಹಾನ್ಸ್‌ನ ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರ ಮನೆಮನೆ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ 33 ಜನರಿಗೆ ಪಾರ್ಕಿನ್ಸನ್ ಕಂಡಿತು. ಹಳ್ಳಿಗಳಲ್ಲಿ ನಗರಕ್ಕಿಂತ ಹೆಚ್ಚು.

ಅದೇ ಸಂಸ್ಥೆಯಿಂದ 1998ರಲ್ಲಿ ಉದಯ್ ಮುಥಾಣೆ, ಯಶಾ, ಶಂಕರ್ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ಕಾಯಿಲೆಯಿಲ್ಲದ ಭಾರತೀಯರ ಮೆದುಳುಗಳಲ್ಲಿ ಡೋಪಮಿನ್ ತಯಾರಿಸುವ ಕಪ್ಪು ಬಣ್ಣದ ಜೀವಕೋಶಗಳನ್ನು ಎಣಿಸಿ ನೋಡಿದರೆ ಬ್ರಿಟಿಷರ ಮೆದುಳುಗಳಿಗಿಂತ ಸಾಕಷ್ಟು ಕಡಿಮೆ ಇದ್ದವು. ಆದರೆ ವಯಸ್ಸಾದಂತೆ ಅವು ಕರಗುತ್ತಿರಲಿಲ್ಲ. ಕೋಶ ಕಡಿಮೆ, ಆದರೂ ಕಾಯಿಲೆ ಹೆಚ್ಚಿಲ್ಲ. ಯಾಕೆ? ಉತ್ತರ ನಮ್ಮವರನ್ನು ನೋಡದೆ ಸಿಗುವಂಥದ್ದಲ್ಲ. ಐರೋಪ್ಯರಿಗೆ ಸರಿಹೋದ ಡೋಸ್ ನಮಗೂ ಸರಿಹೋಗುತ್ತದೆ ಎಂದು ಯಾವ ಆಧಾರದ ಮೇಲೆ ನಂಬುವುದು?

ತಪ್ಪು ಕಲ್ಪನೆ: “ಟ್ರಯಲ್ ಡಾಕ್ಟ್ರಿಗೆ ತಲೆಗಿಷ್ಟು ಅಂತ ದುಡ್ಡು ಬರುತ್ತೆ.”

ವಾಸ್ತವ: ಕಂಪನಿ ನಡೆಸುವ ಪ್ರಯೋಗದಲ್ಲಿ ದುಡ್ಡು ಬರುತ್ತದೆ, ಸುಳ್ಳು ಹೇಳಿ ಏನು ಪ್ರಯೋಜನ. ಒಪ್ಪಂದದ ವಿವರ ಎಥಿಕ್ಸ್ ಕಮಿಟಿಯ ಮುಂದೆ ಹೋಗುತ್ತದೆ. ಬೇಕಿದ್ದರೆ ನೇರವಾಗಿ ಕೇಳಿ: “ಸಾರ್, ಇದಕ್ಕೆ ಖರ್ಚು ಕೊಡ್ತಿರೋರು ಯಾರು?” ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.

ತಪ್ಪು ಕಲ್ಪನೆ: “ಸ್ಟೆಮ್ ಸೆಲ್ ಹಾಕಿದ್ರೆ ವಾಸಿ ಆಗುತ್ತಂತೆ. ಬೆಂಗಳೂರಲ್ಲೇ ಆಗೈತಂತೆ.”

ವಾಸ್ತವ: ಬೆಂಗಳೂರಿನಲ್ಲಿ ಆಗಿದ್ದು ನಿಜ. ನರಶಸ್ತ್ರಚಿಕಿತ್ಸಕ ಎನ್.ಕೆ. ವೆಂಕಟರಮಣ ಮತ್ತು ತಂಡ 7 ರೋಗಿಗಳ ಸ್ವಂತ ಅಸ್ಥಿಮಜ್ಜೆಯಿಂದ ಆಕರ ಕೋಶ (ಸ್ಟೆಮ್ ಸೆಲ್) ತೆಗೆದು, ಬೆಳೆಸಿ, ಮೆದುಳಿಗೆ ಸೇರಿಸಿದ ವರದಿ 2010ರಲ್ಲಿ ಪ್ರಕಟವಾಯಿತು. 3 ಜನರಲ್ಲಿ ಸುಧಾರಣೆ ಕಂಡಿತು, ಗಂಭೀರ ಅಪಾಯ ಕಾಣಲಿಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಆದ್ದರಿಂದ ಗುಣ ಮಾಡುತ್ತದೆ ಎನ್ನಲಾಗದು ಎಂದು ವರದಿಯಲ್ಲಿಯೇ ಇದೆ. ಪ್ರಾಮಾಣಿಕ ಮಾತು. ಊರಿಗೆ ತಲುಪುವ ಹೊತ್ತಿಗೆ ಉಳಿದದ್ದು ಮಾತ್ರ ‘ಬೆಂಗಳೂರಲ್ಲಿ ಆಗೈತಂತೆ’.

ಹೋಲಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪ್ರಯೋಗ ನೋಡಿ. 40 ರೋಗಿಗಳಲ್ಲಿ ಅರ್ಧ ಮಂದಿಯ ಮೆದುಳಿಗೆ ಭ್ರೂಣದ ಕೋಶ ಹಾಕಿದರು. ಉಳಿದವರ ತಲೆಬುರುಡೆಗೆ ರಂಧ್ರ ಮಾತ್ರ ಕೊರೆದು, ಒಳಗೆ ಏನೂ ಹಾಕದೆ ಮುಚ್ಚಿದರು. ಇದು ರೋಗಿಗಳು ತಿಳಿದು ಒಪ್ಪಿದ್ದೇ. 2001ರ ವರದಿಯ ಪ್ರಕಾರ ಮುಖ್ಯ ಅಳತೆಯಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಕೋಶ ಪಡೆದ ಕೆಲವರಿಗೆ ಮುಂದೆ ನಿಲ್ಲದ ಹೊಯ್ದಾಟ ಬಂತು. 2004ರಲ್ಲಿ ಅದೇ ಪ್ರಯೋಗದ ರೋಗಿಗಳ ಬಗ್ಗೆ ಇನ್ನೊಂದು ವರದಿ ಬಂತು: ನಿಜವಾಗಿ ಕೋಶ ಸಿಕ್ಕಿತ್ತೋ ಇಲ್ಲವೋ ಎಂಬುದಕ್ಕಿಂತ, ಸಿಕ್ಕಿದೆ ಎಂದು ನಂಬಿದ್ದರೋ ಇಲ್ಲವೋ ಎಂಬುದೇ ಅವರ ನೆಮ್ಮದಿಯನ್ನು ಹೆಚ್ಚು ನಿರ್ಧರಿಸಿತ್ತು.

ಕೆಲಸ ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ವರದಿ ಒಟ್ಟಿಗೆ ಬಂದವು, ಜಪಾನಿನ ಕ್ಯೋಟೊದಿಂದ 7 ರೋಗಿಗಳದು, ಉತ್ತರ ಅಮೆರಿಕದಿಂದ 12 ರೋಗಿಗಳದು. ಪ್ರಯೋಗಾಲಯದಲ್ಲಿ ಡೋಪಮಿನ್ ಕೋಶವಾಗುವಂತೆ ಬೆಳೆಸಿದ ಆಕರ ಕೋಶಗಳು ಮೆದುಳಿನಲ್ಲಿ ಬದುಕಿದವು, ದೊಡ್ಡ ಅಪಾಯ ಕಾಣಲಿಲ್ಲ. ಎರಡರಲ್ಲೂ ಹೋಲಿಕೆಯ ಗುಂಪು ಇಲ್ಲ. ಅಮೆರಿಕದ ತಂಡದ ಮುಂದಿನ ಹಂತದಲ್ಲಿ ಹುಸಿ ಶಸ್ತ್ರಚಿಕಿತ್ಸೆ ಇದೆ.

ಭಾರತದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟು ಬೇರೆ ಯಾವುದಕ್ಕೂ ಆಕರ ಕೋಶವನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಕೊಡುವುದಾದರೆ ಅನುಮತಿ ಪಡೆದ ಪ್ರಯೋಗದಲ್ಲೇ ಕೊಡಬೇಕು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಾಗಾಗಿ ತೆಂಗಿನ ತೋಟ ಮಾರಿ ಸ್ಟೆಮ್ ಸೆಲ್ ಹಾಕಿಸಲು ಹೊರಟ ಮಗನಿಗೆ ನಾನು ಫೋನಿನಲ್ಲಿ ಹೇಳುವುದು ಇಷ್ಟು: ಆ ಆಸ್ಪತ್ರೆಯವರ ಹತ್ತಿರ ಸಿಟಿಆರ್‌ಐ ನಂಬರ್ ಕೇಳಪ್ಪ. 2009ರಿಂದ ಪ್ರತಿ ಪ್ರಯೋಗವೂ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು, ಮೊಬೈಲಿನಲ್ಲೇ ಯಾರು ಬೇಕಾದರೂ ನೋಡಬಹುದು. ನಂಬರ್ ಕೊಡದೆ ಪ್ಯಾಕೇಜ್ ರೇಟು ಹೇಳಿದರೆ ಅದು ಟ್ರಯಲ್ ಅಲ್ಲ, ತೋಟ ಹಾಗೇ ಇರಲಿ.